ಟೋ ಬಾರ್ ಸಾಕಾ, ಟ್ರೇಲರ್ ಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಕೆಲಸ ಬದಲಾಗಿ ಮನೆ ಸಾಗಿಸುತ್ತಿದ್ದೇವೆ. 900 ಕಿಲೋಮೀಟರ್ ದಾರಿ. ಸಾಮಾನೆಲ್ಲ ಪಿಕಪ್‌ನಲ್ಲಿ. ಅಪ್ಪನ ಹಳೇ ಕಾರನ್ನು ಅದರ ಹಿಂದೆ ಕಟ್ಟಿಕೊಂಡು ಹೋಗಬೇಕು. ಕಾರು ಮ್ಯಾನುವಲ್ ಗೇರ್, ಹಿಂದಿನ ಚಕ್ರಕ್ಕೆ ಡ್ರೈವ್, ತೂಕ ಸುಮಾರು 1,100 ಕೆಜಿ. ಗೆಳೆಯನ ಹತ್ತಿರ ಟೋ ಬಾರ್ ಇದೆ, ಅದೇ ಗಾಡಿಯ ಹಿಂದೆ ಕಾರನ್ನು ಅದರ ಚಕ್ರದ ಮೇಲೇ ಎಳೆಯೋ ಕಬ್ಬಿಣದ ಸರಳು; ಸುಮ್ನೆ ಕೊಡ್ತೀನಿ ಅಂತಾನೆ. ಕಾರನ್ನೇ ಮೇಲೆ ಹತ್ತಿಸಿಕೊಂಡು ಹೋಗೋ ಟ್ರೇಲರ್ ಆದರೆ ಬಾಡಿಗೆಗೆ ತರಬೇಕು. ನ್ಯೂಟ್ರಲ್‌ನಲ್ಲಿಟ್ಟು ಎಳೆದರೆ ಏನೂ ಆಗಲ್ಲ ಅಲ್ವಾ?

ಉತ್ತರ: ಆಗುತ್ತದೆ. ನನ್ನ ಕೈಯಲ್ಲೇ ಆಗಿದೆ.

ಕೆಲಸ ಕಲಿತ ಹೊಸದರಲ್ಲಿ ಇಂಥದ್ದೇ ಒಂದು ಕಾರನ್ನು ಟೋ ಬಾರ್ ಹಾಕಿ 300 ಕಿಲೋಮೀಟರ್ ಎಳೆದು ತಂದೆ. ನ್ಯೂಟ್ರಲ್‌ನಲ್ಲೇ ಇತ್ತು. ಮಾರನೇ ದಿನ ಓಡಿಸಿದರೆ ಗೇರ್ ಬಾಕ್ಸ್ ಒಳಗೆ ಗೊರಗೊರ ಸದ್ದು. ಬಿಚ್ಚಿ ನೋಡಿದೆ. ತಳದಲ್ಲಿ ಎಣ್ಣೆ ತುಂಬಿತ್ತು, ಬಣ್ಣ ಕೂಡ ಕೆಟ್ಟಿರಲಿಲ್ಲ. ಆದರೆ ಮೇಲಿನ ಶಾಫ್ಟಿನ ಬೇರಿಂಗ್ ಕಾದು ನೀಲಿಗಟ್ಟಿತ್ತು. ಉಗುರಿನಿಂದ ಸವರಿದರೆ ಕುಳಿಗಳು ಸಿಗುತ್ತಿದ್ದವು. ಕಾರಿನ ಯಜಮಾನರಿಗೆ ಅದನ್ನು ತೋರಿಸಿ, ತಪ್ಪು ನನ್ನದೇ ಅಂತ ಹೇಳಿದ ದಿನ ಇನ್ನೂ ಮರೆತಿಲ್ಲ.

ಎಣ್ಣೆ ಇದ್ದೂ ಯಾಕೆ ಸುಟ್ಟಿತು? ಇಂಥ ಗೇರ್ ಬಾಕ್ಸಿನಲ್ಲಿ ಕೆಳಗಿನ ಶಾಫ್ಟು ಎಣ್ಣೆಯಲ್ಲಿ ಮುಳುಗಿರುತ್ತದೆ. ಎಂಜಿನ್ ಓಡುವಾಗ ಅದು ತಿರುಗಿ ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ಎಳೆಯುವಾಗ ಎಂಜಿನ್ ನಿಂತಿದೆ, ಗೇರ್ ನ್ಯೂಟ್ರಲ್‌ನಲ್ಲಿದೆ. ಚಕ್ರಗಳು ಮೇಲಿನ ಶಾಫ್ಟನ್ನು ಮಾತ್ರ ತಿರುಗಿಸುತ್ತವೆ. ಎರಚುವವರೇ ಇಲ್ಲ. ಗಂಟೆಗಟ್ಟಲೆ ಒಣಗಿದ್ದೇ ತಿರುಗುತ್ತದೆ.

ಟೋ ಬಾರ್‌ನಲ್ಲೇ ಹೋಗಬೇಕು ಅಂದರೆ ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಇಟ್ಟುಕೊಳ್ಳಿ. ಆಗ ಗೇರ್ ಬಾಕ್ಸಿಗೆ ಚಕ್ರದ ಸಂಬಂಧವೇ ಇರುವುದಿಲ್ಲ. ಕೆಲವು ಗಾಡಿಗಳಲ್ಲಿ ಶಾಫ್ಟ್ ತೆಗೆದ ಬಾಯಿಂದ ಎಣ್ಣೆ ಸೋರುತ್ತದೆ, ಅದನ್ನು ಮುಚ್ಚಬೇಕು. ಆಟೊಮ್ಯಾಟಿಕ್ ಗಾಡಿ ಇರುವವರು ಈ ದಾರಿ ಹಿಡಿಯುವ ಮುಂಚೆ ಗಾಡಿಯ ಜೊತೆ ಬಂದ ಪುಸ್ತಕ ತೆಗೆದು ನೋಡಿ. ಅದರ ಎಣ್ಣೆ ಪಂಪು ಸಾಮಾನ್ಯವಾಗಿ ಎಂಜಿನ್‌ನಿಂದಲೇ ನಡೆಯುತ್ತದೆ.

ಗೇರ್ ಬಾಕ್ಸ್ ಉಳಿಯಿತು ಅಂತಲೇ ಇಟ್ಟುಕೊಳ್ಳಿ. ಬ್ರೇಕ್? ಬರೀ ಟೋ ಬಾರ್ ಹಾಕಿದರೆ ಹಿಂದಿನ ಕಾರು ತಾನಾಗಿ ಬ್ರೇಕ್ ಹಿಡಿಯುವುದಿಲ್ಲ. ಇಳಿಜಾರಿನಲ್ಲಿ 1,100 ಕೆಜಿ ನಿಮ್ಮನ್ನು ಹಿಂದಿನಿಂದ ತಳ್ಳುತ್ತದೆ. ಅದಕ್ಕೆ ಬೇರೆ ಬ್ರೇಕ್ ವ್ಯವಸ್ಥೆ ಜೋಡಿಸಬೇಕು. ಸ್ಟೇರಿಂಗ್ ಲಾಕ್ ಬಿಟ್ಟಿರಬೇಕು. ಇನ್ನು ರಿವರ್ಸ್ ತೆಗೆದುಕೊಳ್ಳೋಕೇ ಆಗಲ್ಲ. ಸ್ವಲ್ಪ ಹಿಂದೆ ಬಂದರೂ ಕಾರಿನ ಮುಂದಿನ ಚಕ್ರ ಅಡ್ಡ ತಿರುಗಿ ಬಾರ್ ಬಾಗುತ್ತದೆ. ದಾರಿ ತಪ್ಪಿ ಸಂದಿಯೊಂದಕ್ಕೆ ನುಗ್ಗಿದರೆ ಬಿಚ್ಚಿಯೇ ಹೊರಗೆ ಬರಬೇಕು.

ಹಾಗಾಗಿ ಟ್ರೇಲರ್ ತನ್ನಿ, ಬ್ರೇಕ್ ಇರುವಂಥದ್ದು. ಆದರೆ ಲೆಕ್ಕ ಹಾಕಿ ತನ್ನಿ. ಖಾಲಿ ಟ್ರೇಲರೇ 700 ಕೆಜಿ ಅಂದುಕೊಂಡರೆ ಹಿಂದೆ ಒಟ್ಟು 1,800 ಕೆಜಿ ಆಯಿತು. ನಿಮ್ಮ ಪಿಕಪ್ ಅಷ್ಟು ಎಳೆಯುತ್ತದಾ ನೋಡಿ. ಈ ತೂಕದಲ್ಲಿ ಹತ್ತರಲ್ಲಿ ಒಂದು ಪಾಲು, ಅಂದರೆ ಸುಮಾರು 180 ಕೆಜಿ, ಪಿಕಪ್ಪಿನ ಕೊಂಡಿಯ ಮೇಲೆ ಕೂರಬೇಕು. ಬಹಳ ಜನ ಮರೆಯುವುದು ಇದನ್ನೇ. ಆ 180 ಕೆಜಿ ಕೂಡ ಪಿಕಪ್ಪಿನ ಲೋಡಿಗೇ ಸೇರುತ್ತದೆ. ಸಾಮಾನು ತುಂಬುವಾಗ ಅಷ್ಟು ಕಮ್ಮಿ ತುಂಬಿ.

ಕಾರನ್ನು ಚಕ್ರದ ಮೇಲೆ ಬೆಲ್ಟ್ ಹಾಕಿ ಬಿಗಿಯಿರಿ, ನಾಲ್ಕಕ್ಕೂ. ಹೊರಟು 30 ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ. ಬೆಲ್ಟ್ ಸಡಿಲ ಆಗಿರುತ್ತದೆ, ಮತ್ತೆ ಬಿಗಿಯಿರಿ. ಟ್ರೇಲರಿನ ಪ್ರತಿ ಚಕ್ರದ ಹಬ್, ಅಂದರೆ ನಟ್ಟನಡುವಿನ ಭಾಗದ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಕಾದಿದ್ದರೆ ಅಲ್ಲೇ ನಿಲ್ಲಿಸಿ ನೋಡಿಸಿ.

ಟೋ ಬಾರ್ ಕೆಟ್ಟದ್ದೇನಲ್ಲ. ಕೆಟ್ಟು ನಿಂತ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ನಿಧಾನವಾಗಿ ತರೋಕೆ ನಾನೂ ಬಳಸುತ್ತೇನೆ. 900 ಕಿಲೋಮೀಟರ್ ಅದರ ಕೆಲಸ ಅಲ್ಲ.

ಪ್ರಶ್ನೆ: ಕಾರನ್ನು ರಿವರ್ಸ್‌ನಲ್ಲಿ ಟ್ರೇಲರ್ ಹತ್ತಿಸಿದ್ದೆ. ವೇಗ 70 ದಾಟಿದರೆ ಟ್ರೇಲರ್ ಬಾಲ ಅಲ್ಲಾಡಿಸಿದ ಹಾಗೆ ಅತ್ತಿತ್ತ ಓಲಾಡುತ್ತದೆ. ಯಾಕೆ?

ಉತ್ತರ: ಎಂಜಿನ್ ಮುಂದಿರುವ ಕಾರು ಅಲ್ವಾ? ಹಾಗೆ ಹತ್ತಿಸಿದ್ದಕ್ಕೆ ಭಾರವೆಲ್ಲ ಟ್ರೇಲರಿನ ಹಿಂದಕ್ಕೆ ಹೋಗಿದೆ, ಕೊಂಡಿ ಹಗುರಾಗಿದೆ. ತಿರುಗಿಸಿ, ಮೂತಿ ಮುಂದೆ ಮಾಡಿ ಹತ್ತಿಸಿ. ದಾರಿಯಲ್ಲಿ ಓಲಾಟ ಶುರುವಾದರೆ ಜೋರಾಗಿ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ಎಳೆದಾಡಬೇಡಿ. ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ಮೆಲ್ಲಗೆ ತೆಗೆಯಿರಿ.