ಆಯಿಲ್ ಕರ್ರಗಾಯ್ತು, ಬದಲಿಸ್ಲೇನ್ರಿ?

ವಾಚಕರ ಪ್ರಶ್ನೆ: ಯಂತ್ರ–ವಾಹನ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಡೀಸೆಲ್ ಎಂಜಿನ್ ಆಯಿಲ್‌ನದೇ ಮಾತು. ಆಯಿಲ್ ಪರೀಕ್ಷೆಗೆ ಸಂಬಂಧಪಟ್ಟ ಐದು ಪ್ರಶ್ನೆಗಳನ್ನು ಇಲ್ಲಿ ಆರಿಸಿದ್ದೇವೆ.

ಪ್ರಶ್ನೆ: ನಮ್ಮ ಟಿಪ್ಪರ್ ಸುಣ್ಣಕಲ್ಲಿನ ಗಣಿಯೊಳಗ ಓಡ್ತದ. ಹೊಸ ಆಯಿಲ್ ಹಾಕಿದ ಎರಡೇ ದಿನಕ್ಕ ಕರ್ರಗಾಗ್ತದ. ಮಿಸ್ತ್ರಿ ಬೆರಳಾಗ ತಿಕ್ಕಿ ನೋಡಿ, ‘ದಮ್ ಹೋಗ್ಯಾದ, ಬದಲಿ ಮಾಡ್ರಿ’ ಅಂತಾರ. ಲ್ಯಾಬಿಗೆ ಕಳಿಸಿದ್ರ ಖರೇ ಗೊತ್ತಾಗ್ತದೇನ್ರಿ? ಕಳಿಸೋದು ಹ್ಯಾಂಗ?
– ಟಿಪ್ಪರ್ ಮಾಲೀಕರು, ಸೇಡಂ

ಉತ್ತರ: ಬಣ್ಣ ನೋಡಿ ಏನೂ ಹೇಳಲು ಬರುವುದಿಲ್ಲ. ಡೀಸೆಲ್ ಉರಿದಾಗ ಹುಟ್ಟುವ ಮಸಿಯ ಕಣ ಒಂದು ಮೈಕ್ರಾನ್‌ಗಿಂತ ಸಣ್ಣದು, ಫಿಲ್ಟರ್‌ನ ಕಾಗದಕ್ಕೆ ಸಿಗುವಂಥದ್ದಲ್ಲ. ಅವು ಒಂದಕ್ಕೊಂದು ಅಂಟಿ ಗಂಟಾಗದಂತೆ ಬಿಡಿಬಿಡಿಯಾಗಿ ತೇಲಿಸಿಡುವುದೇ ಆಯಿಲ್‌ನ ಕೆಲಸ. ಕಪ್ಪಾಗಿದೆ ಎಂದರೆ ಆ ಕೆಲಸ ನಡೆಯುತ್ತಿದೆ ಎಂದರ್ಥ. ಬದಲಿಸಿದಾಗ ಕೂಲರ್, ಗ್ಯಾಲರಿಗಳಲ್ಲಿ ಉಳಿದ ಹಳೆಯ ಆಯಿಲ್ ಕೂಡ ಹೊಸದನ್ನು ಕಪ್ಪಾಗಿಸುತ್ತದೆ.

ಬೆರಳಿನ ಪರೀಕ್ಷೆ ಇನ್ನೂ ಮೋಸದ್ದು. ಮಸಿ ಹೆಚ್ಚಾದರೆ ಆಯಿಲ್ ಗಟ್ಟಿಯಾಗುತ್ತದೆ, ಡೀಸೆಲ್ ಸೇರಿದರೆ ತೆಳುವಾಗುತ್ತದೆ. ಎರಡೂ ಒಟ್ಟಿಗೆ ಆದಾಗ ದಪ್ಪ ಸರಿಯಾಗಿಯೇ ಕಾಣುತ್ತದೆ, ಒಳಗೆ ಬೇರಿಂಗ್ ಸವೆಯುತ್ತಿರುತ್ತದೆ. ಲ್ಯಾಬಿನಲ್ಲಿ ಮಸಿ, ಡೀಸೆಲ್, ಸ್ನಿಗ್ಧತೆ (ಆಯಿಲ್‌ನ ದಪ್ಪ) ಮೂರನ್ನೂ ಬೇರೆ ಬೇರೆ ಅಳೆಯುತ್ತಾರೆ.

ಮಾದರಿ ತೆಗೆಯುವುದರಲ್ಲಿಯೇ ಅರ್ಧ ಜನ ಎಡವುತ್ತಾರೆ. ಗಾಡಿ ಕೆಲಸ ಮುಗಿಸಿ ಬಂದು, ಎಂಜಿನ್ ನಿಲ್ಲಿಸಿದ 15 ನಿಮಿಷದೊಳಗೆ ತೆಗೆಯಬೇಕು. ರಾತ್ರಿಯಿಡೀ ನಿಂತ ಎಂಜಿನ್‌ನಲ್ಲಿ ಭಾರದ ಕಣಗಳೆಲ್ಲ ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ತಳ ಸೇರಿರುತ್ತವೆ. ಕೈಪಂಪ್ ಇದ್ದರೆ ಹೊಸ ಪ್ಲಾಸ್ಟಿಕ್ ನಳಿಗೆಯನ್ನು ಗೇಜ್ ಕಡ್ಡಿಗೆ ಹಿಡಿದು, ಅದಕ್ಕಿಂತ ಎರಡು ಇಂಚು ಉದ್ದ ಬಿಟ್ಟು ಕತ್ತರಿಸಿ, ಕಡ್ಡಿಯ ತೂತಿನಿಂದ ಇಳಿಸಿ. ಅದು ಆಯಿಲ್‌ನ ನಡುಮಟ್ಟಕ್ಕೆ ನಿಲ್ಲಬೇಕು, ತಳ ಮುಟ್ಟಬಾರದು. ಪಂಪ್ ಇಲ್ಲವೆಂದರೆ ಬದಲಿಸುವ ದಿನ ಡ್ರೇನ್ ಬೋಲ್ಟ್ ಸುತ್ತ ಒರೆಸಿ, ತೆಗೆದು, ಮೊದಲ ಒಂದು ಲೀಟರ್ ಹರಿಯಲು ಬಿಟ್ಟು, ನಡುಧಾರೆಗೆ ಬಾಟಲಿ ಹಿಡಿಯಿರಿ. ಲ್ಯಾಬಿನವರು ಕೊಟ್ಟ ಬಾಟಲಿಯೇ ಆಗಬೇಕು. ನೀರಿನ ಬಾಟಲಿ ತೊಳೆದು ತುಂಬಿದರೆ ರಿಪೋರ್ಟಿನಲ್ಲಿ ನೀರು ಬರುತ್ತದೆ, ಎಂಜಿನ್‌ನೊಳಗೆ ನೀರು ಸೋರಿದೆ ಎಂದು ನೀವು ಸುಮ್ಮನೆ ಹೆಡ್ ಗ್ಯಾಸ್ಕೆಟ್ ಬಿಚ್ಚುತ್ತೀರಿ.

ಚೀಟಿಯ ಮೇಲೆ ಆಗಲೇ ಬರೆಯಿರಿ: ಎಂಜಿನ್‌ನ ಒಟ್ಟು ಗಂಟೆ, ಈ ಆಯಿಲ್‌ನ ಗಂಟೆ, ಆಯಿಲ್‌ನ ಹೆಸರು ಮತ್ತು ದರ್ಜೆ, ನಡುವೆ ಎಷ್ಟು ಲೀಟರ್ ಟಾಪ್‌ಅಪ್ ಹಾಕಿದಿರಿ. ಟಾಪ್‌ಅಪ್ ಮುಚ್ಚಿಟ್ಟರೆ ಕೆಟ್ಟ ಎಂಜಿನ್ ಒಳ್ಳೆಯದಾಗಿ ಕಾಣುತ್ತದೆ, ಹೊಸ ಆಯಿಲ್ ಎಲ್ಲ ಅಂಕಿಗಳನ್ನೂ ತೆಳುಮಾಡುತ್ತದೆ. ಜೊತೆಗೆ, ಮೊದಲ ಸಲ ಅದೇ ಡಬ್ಬಿಯ ಹೊಸ ಆಯಿಲ್ ಮಾದರಿಯನ್ನೂ ಕಳಿಸಿ, ಹೋಲಿಸಲು ಬೇಕಾಗುತ್ತದೆ. ಮಾದರಿಯನ್ನು ಗಾಡಿಯ ಅಥವಾ ಆಯಿಲ್‌ನ ಡೀಲರ್ ಮೂಲಕ ಕಳಿಸಬಹುದು. ಖಾಸಗಿ ಲ್ಯಾಬ್ ಆದರೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ ಕೇಳಿ.

ನಿಮ್ಮ ಗಣಿಯ ಮಟ್ಟಿಗೆ ಒಂದು ಎಚ್ಚರಿಕೆ. ಧೂಳು ಒಳಗೆ ಹೋಗುತ್ತಿದೆಯೇ ಎಂದು ನೋಡಲು ಎಲ್ಲರೂ ಸಿಲಿಕಾನ್ ಅಂಕಿಗೆ ಕಣ್ಣು ಹಾಕುತ್ತಾರೆ, ಸಾಮಾನ್ಯ ಧೂಳಿನಲ್ಲಿ ಅದೇ ಹೆಚ್ಚು. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಧೂಳು ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಆಯಿಲ್‌ನ ಡಿಟರ್ಜೆಂಟ್‌ನಲ್ಲೇ ಸಾಮಾನ್ಯವಾಗಿ ಸಾವಿರಗಟ್ಟಲೆ ಪಿಪಿಎಂ (ಹತ್ತು ಲಕ್ಷಕ್ಕೆ ಒಂದು ಪಾಲಿನ ಲೆಕ್ಕ; ರಿಪೋರ್ಟಿನ ಲೋಹದ ಅಂಕಿಗಳೆಲ್ಲ ಇದರಲ್ಲೇ) ಕ್ಯಾಲ್ಸಿಯಂ ಇರುತ್ತದೆ, ಅದರಲ್ಲಿ ಗಣಿಯ ಐವತ್ತು–ಅರವತ್ತು ಪಿಪಿಎಂ ಕಾಣುವುದೇ ಇಲ್ಲ. ಆದ್ದರಿಂದ ‘ಸಿಲಿಕಾನ್ 12, ಪರವಾಗಿಲ್ಲ’ ಎಂದು ನಿಮ್ಮಲ್ಲಿ ಸುಮ್ಮನಿರಬೇಡಿ. ಎಂಜಿನ್ ಸವೆದಾಗ ಆಯಿಲ್‌ಗೆ ಸೇರುವ ಕಬ್ಬಿಣ, ಕ್ರೋಮಿಯಂ ಏರುತ್ತಿವೆಯೇ ನೋಡಿ. ಸುಣ್ಣಕಲ್ಲು ಮೆದು, ಗ್ರಾನೈಟ್ ಧೂಳಿನಷ್ಟು ಬೇಗ ಲೈನರ್ ತಿನ್ನುವುದಿಲ್ಲ, ಅಷ್ಟೇ ಸಮಾಧಾನ.

ಇನ್ನು, ಲೋಡಿಂಗ್ ಸಾಲಿನಲ್ಲಿ ಎಂಜಿನ್ ಆನ್ ಇಟ್ಟು ನಿಲ್ಲುವ ಗಾಡಿಗೆ ಕಿಲೋಮೀಟರ್ ಲೆಕ್ಕ ಸಲ್ಲದು. ಅವರ್ ಮೀಟರ್ ನೋಡಿ.

ಪ್ರಶ್ನೆ: ನಮ್ಮ ಬ್ಯಾಕ್‌ಹೋ ಲೋಡರ್ ಕೆಂಪು ಮುರುಮಿನ ಕೆಲಸಕ್ಕ ಹೋಗ್ತದ. ಹಿಂದಿನ ರಿಪೋರ್ಟ್ 251 ತಾಸಿಂದು: ಕಬ್ಬಿಣ 38, ಅಲ್ಯೂಮಿನಿಯಂ 9, ಸಿಲಿಕಾನ್ 14, ಕ್ರೋಮಿಯಂ 2. ಈಗಿಂದು 248 ತಾಸಿಂದು: ಕಬ್ಬಿಣ 92, ಅಲ್ಯೂಮಿನಿಯಂ 31, ಸಿಲಿಕಾನ್ 46, ಕ್ರೋಮಿಯಂ 6, ತಾಮ್ರ 9, ಸೀಸ 5, ಸೋಡಿಯಂ 8. ಸ್ನಿಗ್ಧತೆ 14.1, ಟಿಬಿಎನ್ 6.4 (ಹೊಸದರಾಗ 10.2), ಮಸಿ 0.8%, ನೀರಿಲ್ಲ, ಡೀಸೆಲ್ 1%ಕ್ಕಿಂತ ಕಡಿಮಿ. ಎಂಜಿನ್ 4,100 ತಾಸ್ ಓಡ್ಯಾದ. ಬಿಚ್ಚಬೇಕು ಅಂತ ಹೇಳ್ಲತ್ತಾರ. ಖರೇನ್ರಿ?
– ಲೋಡರ್ ಮಾಲೀಕರು, ಹುಮನಾಬಾದ್

ಉತ್ತರ: ಈಗಲೇ ಬಿಚ್ಚಬೇಡಿ. ಅಂಕಿಗಳನ್ನು ಎರಡು ಗುಂಪು ಮಾಡಿ ಓದಿ.

ಮೊದಲ ಗುಂಪು ಆಯಿಲ್‌ನ ಆರೋಗ್ಯ. ಇಂಥ ಲೋಡರ್‌ಗೆ ಸಾಮಾನ್ಯವಾಗಿ ಹಾಕುವ 15ಡಬ್ಲ್ಯು-40 ದರ್ಜೆಯ ಆಯಿಲ್‌ನ ಸ್ನಿಗ್ಧತೆ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ ನಡುವೆ ಇರಬೇಕು, ನಿಮ್ಮದು 14.1. ಟಿಬಿಎನ್ ಅಂದರೆ ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿ. ಹೊಸದರ ಅರ್ಧಕ್ಕೆ ಇಳಿದಾಗ ಬದಲಿಸುವುದು ರೂಢಿ. ನಿಮ್ಮ ಗೆರೆ 5.1, ಇನ್ನೂ 6.4 ಇದೆ. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಬರುತ್ತಿರುವ ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ಮಾತ್ರ, ಹಾಗಾಗಿ ಟಿಬಿಎನ್ ಮೊದಲಿನಷ್ಟು ಬೇಗ ಕರಗುವುದಿಲ್ಲ. ಆಯಿಲ್ ಮಟ್ಟಿಗೆ ಇನ್ನೂ 50 ತಾಸು ಓಡಿಸಬಹುದಿತ್ತು.

ಎರಡನೆಯದು ಎಂಜಿನ್‌ನ ಸವೆತ, ಗೋಳಿರುವುದು ಅಲ್ಲಿ. ಕಬ್ಬಿಣವನ್ನು ನೂರು ತಾಸಿನ ಲೆಕ್ಕಕ್ಕೆ ತನ್ನಿ: ಹಿಂದೆ 15, ಈಗ 37. ಎರಡೂವರೆ ಪಟ್ಟು. ಸಿಲಿಕಾನ್ ಮೂರು ಪಟ್ಟು ಮೀರಿದೆ. ಸೀಸ, ತಾಮ್ರ ಕಡಿಮೆ ಇರುವುದರಿಂದ ಬೇರಿಂಗ್ ಮೆಟಲ್ ಸದ್ಯಕ್ಕೆ ಕ್ಷೇಮ. ಸೋಡಿಯಂ ಕೂಡ ಕಡಿಮೆ, ಕೂಲಂಟ್ ಸೋರಿಲ್ಲ. ಉಳಿದದ್ದು ಒಂದೇ: ಏರ್ ಕ್ಲೀನರ್ ದಾಟಿ ಧೂಳು ಒಳಗೆ ಹೋಗುತ್ತಿದೆ.

ಬೀದರ್ ಸೀಮೆಯ ಮುರುಮಿನಲ್ಲಿ ಒಂದು ತೊಡಕಿದೆ. ಅದು ಲ್ಯಾಟರೈಟ್, ಮಳೆಗೆ ಸಿಲಿಕಾ ಬಸಿದುಹೋಗಿ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡ್ ಉಳಿದ ಮಣ್ಣು. ಸಾಮಾನ್ಯ ಧೂಳಿನಲ್ಲಿ ಅಲ್ಯೂಮಿನಿಯಂ ಸಿಲಿಕಾನ್‌ನ ಮೂರನೇ ಒಂದು ಪಾಲು ಅಥವಾ ಅದಕ್ಕೂ ಕಡಿಮೆ. ನಿಮ್ಮದರಲ್ಲಿ ಮೂರನೇ ಎರಡು ಪಾಲು. ಇದನ್ನು ನೋಡಿ ‘ಪಿಸ್ಟನ್ ಹೋಯಿತು’ ಎನ್ನುವವರಿದ್ದಾರೆ. ಅದರಲ್ಲಿ ಒಂದಿಷ್ಟು ಮಣ್ಣಿನದೇ ಅಲ್ಯೂಮಿನಿಯಂ, 92ರಲ್ಲಿ ಒಂದಿಷ್ಟು ಮಣ್ಣಿನದೇ ಕಬ್ಬಿಣ. ಹಾಗಂತ ಸವೆತವೇ ಇಲ್ಲ ಎನ್ನುವಂತಿಲ್ಲ. ಎಂಜಿನ್‌ನಲ್ಲಿ ಕ್ರೋಮಿಯಂ ಮುಖ್ಯವಾಗಿ ಬರುವುದು ಪಿಸ್ಟನ್ ರಿಂಗಿನಿಂದ, ಅದು 2ರಿಂದ 6ಕ್ಕೆ ಹೋಗಿದೆ. ರಿಂಗು–ಲೈನರ್ ಉಜ್ಜುತ್ತಿವೆ ಎನ್ನಲು ಇದೊಂದು ಸಾಕ್ಷಿ ಸಾಕು. ಇದೇ ಅಂಕಿ ಶಹಾಪುರ–ಸುರಪುರ ಕಡೆಯ ಗ್ರಾನೈಟ್ ಖಡಿ ಮಷಿನ್‌ನಿಂದ ಬಂದಿದ್ದರೆ ಇನ್ನೂ ಭಯಪಡಬೇಕಿತ್ತು. ಕ್ವಾರ್ಟ್ಸ್ ಉಕ್ಕಿಗಿಂತ ಗಟ್ಟಿ.

ಮಾಡಬೇಕಾದದ್ದು: ಆಯಿಲ್, ಫಿಲ್ಟರ್ ಇಂದೇ ಬದಲಿಸಿ. ಟಿಬಿಎನ್ ಎಷ್ಟೇ ಇರಲಿ, ಮಣ್ಣು ಬೆರೆತ ಆಯಿಲ್ ಉಜ್ಜುವ ಪೇಸ್ಟ್ ಇದ್ದಂತೆ. ಆಮೇಲೆ ಏರ್ ಕ್ಲೀನರ್‌ನಿಂದ ಟರ್ಬೊವರೆಗಿನ ರಬ್ಬರ್ ಹೋಸ್ ಬಿಚ್ಚಿ, ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಅಲ್ಲಿ ಕೆಂಪು ಹತ್ತಿತೆಂದರೆ ಕಳ್ಳ ಸಿಕ್ಕ. ಎಲ್ಲಿಂದ ನುಗ್ಗುತ್ತಿದೆ ಎಂದು ತಿಳಿಯಲು ಪ್ರತಿ ಜೋಡಣೆಯ ಒಳಗೆ ತೆಳ್ಳಗೆ ಗ್ರೀಸ್ ಸವರಿ, ಕ್ಲ್ಯಾಂಪ್ ಬಿಗಿದು, ಒಂದು ದಿನ ಕೆಲಸ ಮಾಡಿಸಿ ಮತ್ತೆ ಬಿಚ್ಚಿ. ಸೋರುವ ಜಾಗದಲ್ಲಿ ಗ್ರೀಸಿಗೆ ಧೂಳು ಗೆರೆಯಾಗಿ ಅಂಟಿರುತ್ತದೆ. ಹೋಸ್‌ನ ಕೆಳಬದಿ, ಕ್ಲ್ಯಾಂಪ್ ಕೆಳಗಿನ ಸೀಳು ಮೇಲಿಂದ ಕಾಣುವುದೇ ಇಲ್ಲ, ಕೈಹಾಕಿ ತಡವಿ ನೋಡಿ.

ಏರ್ ಫಿಲ್ಟರನ್ನು ಕತ್ತಲಲ್ಲಿ ಒಳಗೆ ಬಲ್ಬ್ ಇಟ್ಟು ನೋಡಿ, ಬೆಳಕಿನ ಚುಕ್ಕೆ ಕಂಡರೆ ಎಸೆಯಿರಿ. ದಿನಾ ಸಂಜೆ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಹೊಡೆಸುವ ರೂಢಿ ನಮ್ಮ ಕಡೆ ಬಹಳ. 100 ಪಿಎಸ್‌ಐ ಗಾಳಿ ಕಾಗದವನ್ನು ಹರಿಯುತ್ತದೆ, ಪದೇ ಪದೇ ತೆಗೆದು ಹಾಕಿದಷ್ಟೂ ಸೀಲ್ ಸಡಿಲವಾಗುತ್ತದೆ. ಏರ್ ಕ್ಲೀನರ್‌ನ ಇಂಡಿಕೇಟರ್ ಕೆಂಪಾದಾಗ ಮಾತ್ರ ತೆಗೆದು, 30 ಪಿಎಸ್‌ಐ ಮೀರದಂತೆ ಒಳಗಿನಿಂದ ಹೊರಕ್ಕೆ ಊದಿ. ಒಳಗಿನ ಸಣ್ಣ ಫಿಲ್ಟರನ್ನು ಊದಲೇಬಾರದು, ಹೊಸದು ಹಾಕಬೇಕು.

ಹೊಸ ಆಯಿಲ್ 50 ತಾಸು ಓಡಿದಾಗ ಮತ್ತೆ ಮಾದರಿ ಕಳಿಸಿ. ಹಳೆಯದು ಹತ್ತನೇ ಒಂದು ಪಾಲು ಒಳಗೇ ಉಳಿಯುತ್ತದೆ ಎಂದು ಹಿಡಿದರೆ ಅದರಿಂದಲೇ ಕಬ್ಬಿಣ 9. ಸೋರಿಕೆ ನಿಂತಿದ್ದರೆ ಹಳೆಯ ವೇಗದಲ್ಲಿ 7 ಅಥವಾ 8 ಸೇರಿ 17ರ ಆಸುಪಾಸು ಬರುತ್ತದೆ. 28 ಬಂತೆಂದರೆ ನಿಮ್ಮ ಕಳ್ಳ ಇನ್ನೂ ಒಳಗಿದ್ದಾನೆ. ಬಿಚ್ಚುವ ಮಾತು ಆಮೇಲೆ, ಅದೂ ಬ್ರೀದರ್‌ನಲ್ಲಿ (ಎಂಜಿನ್ ಒಳಗಿನ ಗಾಳಿ ಹೊರಬರುವ ಕೊಳವೆ) ಹೊಗೆ ಮತ್ತು ಆಯಿಲ್ ಕುಡಿತ ಹೆಚ್ಚಾಗಿದ್ದರೆ.

ಇನ್ನೊಂದು ಮಾತು: ಇತ್ತೀಚೆಗೆ ಚೇಂಬರ್ ಬಿಚ್ಚಿ ಸಿಲಿಕೋನ್ ಗಮ್ ಹಚ್ಚಿ ಕೂಡಿಸಿದ್ದರೆ ಅದರಿಂದಲೂ ಸಿಲಿಕಾನ್ ಏರುತ್ತದೆ. ಆಗ ಕಬ್ಬಿಣ, ಕ್ರೋಮಿಯಂ ಏರುವುದಿಲ್ಲ. ನಿಮ್ಮದು ಹಾಗಲ್ಲ.

ಪ್ರಶ್ನೆ: ದಾಲ್ ಮಿಲ್ಲಿಗೆ 62 ಕೆವಿಎ ಜನರೇಟರ್ ಅದ. ಈಗ ಕರೆಂಟ್ ಹೋಗೋದು ಕಡಿಮಿ, ವರ್ಷಕ್ಕ 60 ತಾಸೂ ಓಡಂಗಿಲ್ಲ. ಆಯಿಲ್ ಹೊಸದರಂಗ ಅದ. ಪರೀಕ್ಷೆ ಮಾಡ್ಸಿ ಮೂರು ವರ್ಷ ನಡಸಬಹುದಾ?
– ಮಿಲ್ ಮ್ಯಾನೇಜರ್, ಕಲಬುರಗಿ

ಉತ್ತರ: ಬೇಡ. ವರ್ಷಕ್ಕೊಮ್ಮೆ ಬದಲಿಸಿ, ಪರೀಕ್ಷೆಯ ಹಣ ಉಳಿಸಿ. ಐದು ನಿಮಿಷ ಓಡಿ ನಿಲ್ಲುವ ಎಂಜಿನ್ ಬಿಸಿಯೇ ಆಗುವುದಿಲ್ಲ. ಒಳಗೆ ಕೂತ ನೀರಾವಿ, ಉರಿಯದ ಡೀಸೆಲ್ ಆಯಿಲ್‌ನಲ್ಲೇ ಉಳಿದು ಆಮ್ಲವಾಗುತ್ತವೆ. ಐವತ್ತು ಲೀಟರ್ ಮೇಲೆ ಆಯಿಲ್ ಹಿಡಿಯುವ ದೊಡ್ಡ ಸೆಟ್ಟುಗಳಿಗೆ ಪರೀಕ್ಷೆ ಲಾಭ, ಅಲ್ಲಿ ನೀರು, ಡೀಸೆಲ್, ಆಮ್ಲದ ಅಂಕಿಗಳನ್ನು ಮುಖ್ಯವಾಗಿ ನೋಡಬೇಕು. ನಿಮ್ಮ ಸೆಟ್ಟನ್ನು ತಿಂಗಳಿಗೊಮ್ಮೆ ಅರ್ಧ ತಾಸು, ಕನಿಷ್ಠ 30% ಲೋಡ್ ಕೊಟ್ಟು ಓಡಿಸಿ. ಖಾಲಿ ಓಡಿಸುವುದು ಓಡಿಸದೇ ಇರುವುದಕ್ಕಿಂತ ಕೆಟ್ಟದ್ದು.

ಪ್ರಶ್ನೆ: ಗದ್ದಿ ರೊಳ್ಳಿ ಹೊಡದ ಮ್ಯಾಲೆ ಟ್ರ್ಯಾಕ್ಟರ್‌ನಾಗ ಆಯಿಲ್ ಕಡಿಮಿ ಆಗೋದು ಬಿಟ್ಟು ಗೇಜ್ ಕಡ್ಡಿ ಮ್ಯಾಲೆ ಏರ್ಯಾದ. ಹಾಂಗೇ ನಡಸಬಹುದಾ? ಒಂದೇ ಟ್ರ್ಯಾಕ್ಟರ್ ಇದ್ದವರಿಗಿ ಈ ಪರೀಕ್ಷೆ ಪರವಡಸ್ತದೇನ್ರಿ?
– ಭತ್ತದ ರೈತರು, ಶಹಾಪುರ

ಉತ್ತರ: ನಡೆಸಬೇಡಿ, ನಿಲ್ಲಿಸಿಯೇ ಇಡಿ. ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ನೀರು, ಡೀಸೆಲ್ ಅಥವಾ ಹೈಡ್ರಾಲಿಕ್ ಆಯಿಲ್ ಒಳಗೆ ಇಳಿದಿದೆ.

ಲ್ಯಾಬಿಗೆ ಕಳಿಸುವ ಮೊದಲು ಮನೆಯಲ್ಲೇ ಎರಡು ಪರೀಕ್ಷೆ ಮಾಡಿ. ಹಂಚು ಚೆನ್ನಾಗಿ ಕಾಯಿಸಿ – ನೀರಿನ ಹನಿ ಬಿದ್ದರೆ ಚುಂಯ್ ಎಂದು ಹಾರಬೇಕು – ಒಲೆ ಆರಿಸಿ, ದೂರ ನಿಂತು ಒಂದು ಹನಿ ಆಯಿಲ್ ಹಾಕಿ. ಚಟಪಟ ಎಂದರೆ ನೀರು. ಇನ್ನೊಂದು ಹನಿಯನ್ನು ಲ್ಯಾಬಿನ ಫಿಲ್ಟರ್ ಕಾಗದದ ಮೇಲೆ ಬಿಟ್ಟು, ಕಾಗದದ ನಡುಭಾಗ ಏನಕ್ಕೂ ತಗಲದಂತೆ ಲೋಟದ ಬಾಯಿಯ ಮೇಲೆ ಇಟ್ಟು, ಒಂದು ದಿನ ಬಿಡಿ. ಕಪ್ಪು ಮೆಲ್ಲಗೆ ಬೂದಿಯಾಗಿ ಹರಡಿದ್ದರೆ ಆಯಿಲ್‌ನಲ್ಲಿ ಇನ್ನೂ ಸತ್ವವಿದೆ. ನಡುವೆ ಕಾಡಿಗೆಯಂಥ ಬೊಟ್ಟು ಚೂಪು ಅಂಚಿನೊಂದಿಗೆ ನಿಂತರೆ ಮಸಿ ಗಂಟಾಗಿದೆ. ಹೊರಗೆ ಬೇರೆಯಾಗಿ ತೆಳು ಹಳದಿ ಬಳೆ ಮೂಡಿದರೆ ಡೀಸೆಲ್‌ನ ಅನುಮಾನ.

ನೀರಾದರೆ, ಕೆಸರಿನಲ್ಲಿ ಹುಗಿದಾಗ ಬ್ರೀದರ್ ಮುಳುಗಿತ್ತೇ ನೋಡಿ, ಆಮೇಲೆ ಹೆಡ್ ಗ್ಯಾಸ್ಕೆಟ್. ಡೀಸೆಲ್ ಆದರೆ ಫೀಡ್ ಪಂಪ್‌ನ ಡಯಾಫ್ರಮ್, ಇಂಜೆಕ್ಷನ್ ಪಂಪ್‌ನ ಸೀಲ್, ಜಿನುಗುವ ನಾಝಲ್, ಈ ಕ್ರಮದಲ್ಲಿ. ಎರಡೂ ಅಲ್ಲ, ಲಿಫ್ಟ್‌ನ ಹೈಡ್ರಾಲಿಕ್ ಆಯಿಲ್ ಮಟ್ಟ ಮಾತ್ರ ತಗ್ಗಿದೆ ಎಂದರೆ ಟೈಮಿಂಗ್ ಕೇಸಿಗೆ ಕೂಡಿಸಿದ ಹೈಡ್ರಾಲಿಕ್ ಪಂಪ್‌ನ ಶಾಫ್ಟ್ ಸೀಲ್ ಹೋಗಿದೆ.

ಪರವಡಿಸುವ ಮಾತು: 8 ಲೀಟರ್ ಆಯಿಲ್, ಲೀಟರಿಗೆ 350 ರೂಪಾಯಿ ಹಿಡಿದರೆ 2,800. ಅದನ್ನು ಐವತ್ತು ತಾಸು ಹೆಚ್ಚು ಓಡಿಸಿ ಉಳಿಸುವುದು ಐದಾರು ನೂರು, ಪರೀಕ್ಷೆ ಮತ್ತು ಕೊರಿಯರ್‌ಗೆ ಅದು ಹೋಗಿಬಿಡುತ್ತದೆ. ಆದ್ದರಿಂದ ಪುಸ್ತಕದ ಲೆಕ್ಕಕ್ಕೇ ಬದಲಿಸಿ. ಅದರ ಬದಲು ಹಳೆಯ ಆಯಿಲ್ ಫಿಲ್ಟರ್ ಕೊಯ್ದು ನೋಡಿ. ಹ್ಯಾಕ್‌ಸಾ ಬೇಡ, ಅದರದೇ ಪುಡಿ ಒಳಗೆ ಬೀಳುತ್ತದೆ. ಫಿಲ್ಟರ್ ಕಟರ್ ಬೇಕು. ಕಾಗದ ಬಿಡಿಸಿ, ಹಿಂಡಿ, ಬಿಸಿಲಿಗೆ ಹಿಡಿಯಿರಿ. ಮಿನುಗುವ ಚೂರು ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು, ಅಂಟದಿದ್ದರೆ ಬೇರಿಂಗ್ ಅಥವಾ ಪಿಸ್ಟನ್. ಲ್ಯಾಬಿನ ಸ್ಪೆಕ್ಟ್ರೋಮೀಟರ್ ಸುಮಾರು ಎಂಟು ಮೈಕ್ರಾನ್ ಮೀರಿದ ಚೂರನ್ನು ಸರಿಯಾಗಿ ಕಾಣುವುದಿಲ್ಲ, ಈ ಕೆಲಸವನ್ನು ಕಣ್ಣೇ ಮಾಡಬೇಕು.

ಪ್ರಶ್ನೆ: ಬಿಎಸ್-6 ಟಿಪ್ಪರಿಗೆ ಹಳೇ ಗಾಡಿಯ ಸಿಐ-4 ಪ್ಲಸ್ ಆಯಿಲ್ ಹಾಕಬಹುದಾ? ಅದರ ಟಿಬಿಎನ್ ಹೆಚ್ಚದಂತ, ಹೆಚ್ಚು ದಿನ ಬರ್ತದಲ್ಲ?
– ಲಾರಿ ಮಾಲೀಕರು, ಭಾಲ್ಕಿ

ಉತ್ತರ: ಹಾಕಬೇಡಿ. ಆ ಹೆಚ್ಚಿನ ಟಿಬಿಎನ್ ಬರುವುದು ಲೋಹದ ಡಿಟರ್ಜೆಂಟ್‌ನಿಂದ. ಉರಿದಾಗ ಅದು ಬೂದಿಯಾಗಿ ಸೈಲೆನ್ಸರ್‌ನ ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೂರುತ್ತದೆ. ಮಸಿ ಸುಟ್ಟುಹೋಗುತ್ತದೆ, ಬೂದಿ ಹೋಗುವುದಿಲ್ಲ. ಸಿಕೆ-4 ದರ್ಜೆಯಲ್ಲಿ ಬೂದಿಗೆ 1%ರ ಮಿತಿ ಇದೆ, ಅದನ್ನೇ ಅಥವಾ ನಿಮ್ಮ ಗಾಡಿಯ ಪುಸ್ತಕ ಹೇಳಿದ ದರ್ಜೆಯನ್ನೇ ಹಾಕಿ. ವಾರಂಟಿ ಮುಗಿದ ಮೇಲೆ ಅವಧಿ ಹಿಗ್ಗಿಸುವುದಿದ್ದರೆ ಒಮ್ಮೆಗೆ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಬೇಡ, ಪ್ರತಿ ಹೆಜ್ಜೆಗೂ ಒಂದು ಮಾದರಿ ಇರಲಿ, ಮೂರು ರಿಪೋರ್ಟ್ ಕೈಯಲ್ಲಿ ಇಲ್ಲದೆ ಮೊದಲ ಹೆಜ್ಜೆಯೂ ಬೇಡ.