ಅಪ್ಪನ ಎಂಜಿ ಕಾರಿಗೆ ಬಣ್ಣ ಹೊಡೆಸಬೇಡಿ

ಪ್ರಶ್ನೆ: ಬಸವನಗುಡಿಯ ನಮ್ಮ ಮನೆ ಹಿಂದಿನ ಶೆಡ್‌ನಲ್ಲಿ ತಂದೆಯವರ 1948ರ ಎಂಜಿ ಟಿಸಿ ಅನ್ನುವ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಇದೆ. ಹತ್ತು ಹದಿನೈದು ವರ್ಷಗಳಿಂದ ಹೊರಗೆ ತೆಗೆದಿಲ್ಲ. ತಂದೆ ಹೋದ ವರ್ಷ ತೀರಿಕೊಂಡರು. ನಾವು ಮೂವರು ಮಕ್ಕಳು, ಹರಾಜಿಗೆ ಹಾಕೋಣ ಅಂತಿದ್ದೇವೆ. ಪರಿಚಯದ ಗ್ಯಾರೇಜಿನವರು ‘ನಾಲ್ಕು ಲಕ್ಷ ಕೊಡಿ, ಟಿಂಕರಿಂಗ್, ಪೇಂಟು, ಹೊಸ ಸೀಟು ಎಲ್ಲ ಮಾಡಿಕೊಡ್ತೀನಿ, ಡಬಲ್ ರೇಟು ಬರುತ್ತೆ’ ಅನ್ನುತ್ತಿದ್ದಾರೆ. ಈಗ ಅದರಲ್ಲಿ ಅಂಬಾಸಿಡರ್ ಎಂಜಿನ್ ಇದೆ. ಹಳೇ ಎಂಜಿನ್ ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಬಿದ್ದಿದೆ. ಗುಜರಿಗೆ ಹಾಕಬಹುದಾ?
(ಹೆಸರು ಬೇಡ, ಬಸವನಗುಡಿ)

ಉತ್ತರ: ಗುಜರಿಯವನು ನಿಮ್ಮ ಬೀದಿಗೆ ಬಂದಿದ್ದರೆ ಮೊದಲು ಗೇಟು ಹಾಕಿ ಬನ್ನಿ. ಆಮೇಲೆ ಮುಂದೆ ಓದಿ.

ಗೋಣಿಚೀಲ ಸರಿಸಿ ಆ ಎಂಜಿನ್ ಮೇಲೆ ಎಂಟು ಮೂಲೆಯ ಪುಟ್ಟ ಹಿತ್ತಾಳೆ ತಗಡು ಇದೆಯಾ ನೋಡಿ. ಅದರಲ್ಲಿ ‘ಎಕ್ಸ್‌ಪಿಎಜಿ’ ಅಂತ ಶುರುವಾಗುವ ನಂಬರ್ ಇರುತ್ತದೆ. ಬಾನೆಟ್ ಎತ್ತಿದರೆ ಒಳಗೆ ಇನ್ನೊಂದು ತಗಡು ಸಿಗುತ್ತದೆ, ಕಾರಿನ ನಂಬರ್ ಮತ್ತು ಎಂಜಿನ್ ನಂಬರ್ ಎರಡೂ ಇರುವಂಥದ್ದು. ಎರಡು ಕಡೆಯ ಎಂಜಿನ್ ನಂಬರ್ ಒಂದೇ ಆಗಿದ್ದರೆ ನಿಮ್ಮ ತಂದೆ ದೊಡ್ಡ ಉಪಕಾರ ಮಾಡಿಟ್ಟು ಹೋಗಿದ್ದಾರೆ. ಹರಾಜಿನವರು ಇದನ್ನು ‘ಮ್ಯಾಚಿಂಗ್ ನಂಬರ್ಸ್’ ಅನ್ನುತ್ತಾರೆ. ಎಂಜಿನ್ ಜಾಮ್ ಆಗಿದ್ದರೂ ಚಿಂತೆಯಿಲ್ಲ. ಅದು ಕಾರಿನ ಜೊತೆಗೇ ಹೋಗಬೇಕು.

ನಮ್ಮ ಕಡೆ ಹಳೇ ಇಂಗ್ಲಿಷ್ ಕಾರುಗಳಿಗೆ ಅಂಬಾಸಿಡರ್ ಎಂಜಿನ್ ಕೂರಿಸಿದ್ದು ತೀರಾ ಮಾಮೂಲಿ. ಬಿಡಿಭಾಗ ಸಿಗದ ಕಾಲದಲ್ಲಿ ಜನ ಇನ್ನೇನು ಮಾಡಬೇಕಿತ್ತು? ಕಾರು ಓಡಬೇಕಿತ್ತು, ಅಷ್ಟೇ. ಆದರೆ ಹರಾಜಿನಲ್ಲಿ ಕೊಳ್ಳುವವನು ಓಡುವ ಕಾರಿಗಿಂತ ಹೆಚ್ಚಾಗಿ ನಂಬಿಕೆಗೆ ದುಡ್ಡು ಕೊಡುತ್ತಾನೆ. ಈ ಕಾರು ಕಾರ್ಖಾನೆಯಿಂದ ಹೀಗೇ ಬಂದದ್ದು ಅನ್ನುವ ನಂಬಿಕೆ ಅದು.

ಈ ಕಾರಣಕ್ಕೇ ಪೇಂಟು ಬೇಡ ಅನ್ನುತ್ತಿದ್ದೇನೆ. ಹೊಸ ಬಣ್ಣ ಕಂಡ ತಕ್ಷಣ ಅನುಭವಸ್ಥ ಖರೀದಿದಾರ ಜೇಬಿನಿಂದ ಮ್ಯಾಗ್ನೆಟ್ ತೆಗೆಯುತ್ತಾನೆ. ಅದು ಅಂಟದ ಕಡೆಯೆಲ್ಲ ಪುಟ್ಟಿ ಅಂತ ಲೆಕ್ಕ. ಬಣ್ಣದ ಕೆಳಗೆ ಏನು ಮುಚ್ಚಿದ್ದಾರೋ ಅಂತ ಅನುಮಾನ ಬಂದರೆ ಅವನ ಕೈ ಮೇಲೇಳುವುದಿಲ್ಲ. ನಾನೂ ಒಮ್ಮೆ ಈ ತಪ್ಪು ಮಾಡಿದ್ದೇನೆ. ಮಾರುವ ಮುಂಚೆ ಚೆಂದ ಕಾಣಲಿ ಅಂತ ಹಳೇ ಚರ್ಮದ ಸೀಟು ಕಿತ್ತು ಹೊಸ ರೆಕ್ಸಿನ್ ಹಾಕಿಸಿದೆ. ಬಂದವರೆಲ್ಲ ಕೇಳಿದ್ದು ಒಂದೇ ಮಾತು: ‘ಹಳೇ ಸೀಟು ಎಲ್ಲಿ ಸಾರ್?’

ಧೂಳು ಒರೆಸಿ, ಸಾಕು. ಆಸೆಗೆ ಸ್ಟಾರ್ಟ್ ಮಾಡಲು ಹೋಗಬೇಡಿ. ತಳ್ಳಿ ಸ್ಟಾರ್ಟ್ ಮಾಡುವುದಂತೂ ಬೇಡವೇ ಬೇಡ. ಇನ್ನೊಂದು ವಿಷಯ. ಟಿಸಿಯ ಬಾಡಿ ಹೊರಗೆ ತಗಡು, ಒಳಗೆ ಮರದ ಚೌಕಟ್ಟು. ಬೆಂಗಳೂರಿನ ಶೆಡ್ಡು ಅಂದರೆ ಗೆದ್ದಲು ಬರದೇ ಇರುತ್ತದಾ? ಬಾಗಿಲು ತೆಗೆದಾಗ ಕೆಳಕ್ಕೆ ಜೋತುಬಿದ್ದರೆ ಒಳಗಿನ ಮರ ಹೋಗಿದೆ ಅಂತ ಅರ್ಥ. ಅದನ್ನು ಮುಚ್ಚಿಡಬೇಡಿ, ಫೋಟೊ ತೆಗೆದು ಕೊಡಿ. ಈ ಕಾರಿನಲ್ಲಿ ಚಾಸಿ, ಅಂದರೆ ಬಾಡಿಯನ್ನು ಹೊರುವ ಕೆಳಗಿನ ಲೋಹದ ಚೌಕಟ್ಟು, ಬಾಡಿಯಿಂದ ಬೇರೆಯಾಗಿರುತ್ತದೆ. ಚಾಸಿ ಗಟ್ಟಿ ಇದ್ದರೆ ಮರ ಹೊಸದಾಗಿ ಮಾಡಿಸುವವರು ಇದ್ದಾರೆ.

ಆ ನಾಲ್ಕು ಲಕ್ಷ ಉಳಿಸಿ ನಾಲ್ಕು ದಿನ ಕಾಗದ ಹುಡುಕಿ. ಆರ್‌ಸಿ ಬುಕ್, ಹಳೇ ಇನ್ಶೂರೆನ್ಸ್, ಟ್ಯಾಕ್ಸ್ ಕಟ್ಟಿದ ರಸೀದಿ, ಕಾರಿನ ಮುಂದೆ ನಿಮ್ಮ ತಂದೆ ನಿಂತ ಕಪ್ಪು ಬಿಳುಪು ಫೋಟೊ, ಏನು ಸಿಕ್ಕರೂ ಸರಿ. ಹಳೇ ಮೈಸೂರು ಸಂಸ್ಥಾನದ ನಂಬರ್ ಪ್ಲೇಟ್ ಇದ್ದರೆ ಕಳಚಬೇಡಿ.

ಆರ್‌ಸಿ ಇನ್ನೂ ತಂದೆಯ ಹೆಸರಲ್ಲೇ ಇರುತ್ತದೆ ಅಲ್ವಾ? ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ. ಮೂವರಲ್ಲಿ ಒಬ್ಬರ ಹೆಸರಿಗೆ, ಉಳಿದಿಬ್ಬರ ಒಪ್ಪಿಗೆ ಪತ್ರದ ಜೊತೆ, ಫಾರ್ಮ್ 31ರಲ್ಲಿ ವರ್ಗಾಯಿಸಿಕೊಳ್ಳಿ. ಕೊಂಡವರ ಹೆಸರಿಗೆ ಹೋಗುವಾಗ ಫಾರ್ಮ್ 29 ಮತ್ತು 30 ಬೇಕು. ಹರಾಜು ಅಂದ ಕೂಡಲೇ ಕೆಲ ಏಜೆಂಟರು ಫಾರ್ಮ್ 32 ತುಂಬಿಸುತ್ತಾರೆ. ಅದು ಸರ್ಕಾರ ನಡೆಸುವ ಹರಾಜಿಗೆ, ನಿಮಗಲ್ಲ.

50 ವರ್ಷ ದಾಟಿದ ಕಾರುಗಳಿಗೆ 2021ರಿಂದ ಬೇರೆಯದೇ ವಿಂಟೇಜ್ ನೋಂದಣಿ ಇದೆ. ಶುಲ್ಕ 20 ಸಾವಿರ, ಹತ್ತು ವರ್ಷ ನಡೆಯುತ್ತದೆ. ಹೊಸ ನೋಂದಣಿಗೆ ‘ವಿಎ’ ಅಕ್ಷರದ ನಂಬರ್ ಕೊಡುತ್ತಾರೆ. ಮೊದಲೇ ನೋಂದಣಿ ಆಗಿರುವ ಕಾರು ಹಳೇ ನಂಬರ್ ಉಳಿಸಿಕೊಳ್ಳಬಹುದು. ಆದರೆ ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಇರಬಾರದು. ಗೋಣಿಚೀಲದ ಕೆಳಗಿನ ಎಂಜಿನ್‌ಗೆ ಬೆಲೆ ಬರುವುದು ಇಲ್ಲಿಯೂ ಹೌದು. ಇಂಥ ಕಾರನ್ನು ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಬಿಟ್ಟು ದಿನಾ ಓಡಿಸುವ ಹಾಗಿಲ್ಲ.

ಮೂವರು ಮಕ್ಕಳಿದ್ದಾಗ ಹರಾಜು ಒಳ್ಳೆಯದೇ. ಬೆಲೆ ಎಲ್ಲರ ಕಣ್ಣೆದುರು ತೀರ್ಮಾನವಾಗುತ್ತದೆ, ‘ಅಣ್ಣ ಕಮ್ಮಿಗೆ ಕೊಟ್ಟುಬಿಟ್ಟ’ ಅನ್ನುವ ಮಾತು ಬರುವುದಿಲ್ಲ. ರಿಸರ್ವ್ ಬೆಲೆ, ಅಂದರೆ ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಅನ್ನುವ ಗೆರೆ, ಮೂವರೂ ಕೂತು ಮೊದಲೇ ಬರೆದಿಡಿ. ಆಸೆಪಟ್ಟು ಮೇಲಕ್ಕೆ ಏರಿಸಬೇಡಿ. ಒಮ್ಮೆ ಮಾರಾಟವಾಗದೆ ವಾಪಸ್ ಬಂದ ಕಾರನ್ನು ಜನ ‘ಏನೋ ಐಬಿದೆ’ ಅಂತಲೇ ನೋಡುತ್ತಾರೆ. 2022ರಲ್ಲಿ ಸ್ಟಟ್‌ಗಾರ್ಟ್‌ನಲ್ಲಿ 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆ 13.5 ಕೋಟಿ ಯೂರೋಗೆ ಹೋಯಿತಲ್ಲ, ಅದನ್ನು ನೋಡಿ ಲೆಕ್ಕ ಹಾಕುವವರು ಬಹಳ. ಆ ಕೂಪೆ ಮಾಡಿದ್ದೇ ಎರಡು. ಟಿಸಿ ಸುಮಾರು 10 ಸಾವಿರ ಬಂದಿವೆ.

ತೆರಿಗೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ವಂತಕ್ಕೆ ಬಳಸಿದ ಕಾರು ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ ಅಂತ ಎಲ್ಲರಿಗೂ ಗೊತ್ತು. ‘ಬಳಸಿದ’ ಅನ್ನುವ ಪದವೇ ಇಲ್ಲಿ ಮುಖ್ಯ. 1931ರ ಫೋರ್ಡ್ ಟೂರರ್ ಒಂದರ ಮಾರಾಟದ ಕೇಸಿನಲ್ಲಿ, ಸ್ವಂತ ಬಳಕೆಗೆ ಪುರಾವೆ ಇಲ್ಲ ಅಂತ ಬಾಂಬೆ ಹೈಕೋರ್ಟ್ ತೆರಿಗೆಯನ್ನು ಎತ್ತಿಹಿಡಿಯಿತು. ಹಾಗಾಗಿ ಪೆಟ್ರೋಲ್, ಗ್ಯಾರೇಜ್ ಬಿಲ್ ಸಿಕ್ಕರೆ ಅವನ್ನೂ ಎತ್ತಿಟ್ಟು ಒಬ್ಬ ಆಡಿಟರ್‌ಗೆ ತೋರಿಸಿ.

ಪ್ರಶ್ನೆ: ಇಂಗ್ಲೆಂಡಿನ ಆನ್‌ಲೈನ್ ಹರಾಜಿನಲ್ಲಿ 1979ರ ಎಂಜಿಬಿ ಸ್ಪೋರ್ಟ್ಸ್ ಕಾರು ಎಂಟು ಲಕ್ಷ ರೂಪಾಯಿ ಆಸುಪಾಸಿನಲ್ಲಿದೆ. ನಮ್ಮಲ್ಲಿ ಹ್ಯಾಚ್‌ಬ್ಯಾಕ್ ರೇಟು! ಬಿಡ್ ಹಾಕಿ ತರಿಸಿಕೊಳ್ಳಲಾ?
(ಐಟಿ ಉದ್ಯೋಗಿ, ವೈಟ್‌ಫೀಲ್ಡ್)

ಉತ್ತರ: ಬೇಡ. ನಿಮ್ಮ ಕಾರು ಎಲ್ಲಿಗೂ ಸೇರದ ವಯಸ್ಸಿನಲ್ಲಿದೆ. ವಿಂಟೇಜ್ ಅನ್ನಿಸಿಕೊಳ್ಳಲು 50 ತುಂಬಬೇಕು, ಅದು 2029ಕ್ಕೆ. ಮಾಮೂಲಿ ಸೆಕೆಂಡ್ ಹ್ಯಾಂಡ್ ಆಮದಿಗೆ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. 50 ದಾಟಿದ ಕಾರೇ ಆದರೂ ಸುಂಕ ಬಿಡುವುದಿಲ್ಲ. ಜೊತೆಗೆ ಎಂಜಿಬಿ ಏನೂ ಅಪರೂಪದ್ದಲ್ಲ, 5 ಲಕ್ಷಕ್ಕೂ ಮೀರಿ ತಯಾರಾಗಿವೆ. ಎಂಟು ಲಕ್ಷಕ್ಕೆ ಸಿಗುತ್ತಿರುವುದು ಅದಕ್ಕೇ.

ಆಸೆ ತಡೆಯಲಾಗದಿದ್ದರೆ ಇಲ್ಲೇ ನೋಂದಣಿ ಇರುವ ಎಂಜಿಬಿಗೆ ಕಾಯಿರಿ. ಅದರ 1798 ಸಿಸಿ ಎಂಜಿನ್ ನಮ್ಮ ಹಳೇ ಅಂಬಾಸಿಡರ್ ಎಂಜಿನ್‌ನ ಅಣ್ಣ ಇದ್ದ ಹಾಗೆ, ಎರಡೂ ಒಂದೇ ಬಿ ಸೀರೀಸ್ ವಂಶ. ಅಂಬಾಸಿಡರ್ ಬಿಚ್ಚಿ ಜೋಡಿಸಿದ ವಯಸ್ಸಾದ ಮೆಕ್ಯಾನಿಕ್ ಸಿಕ್ಕರೆ ಭಯವಿಲ್ಲ. ಭಯ ಬೀಳಬೇಕಾದ್ದು ತುಕ್ಕಿಗೆ. ಇದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನುಮೂಳೆ. ಬಾಗಿಲ ಕೆಳಗಿನ ಪಟ್ಟಿ ಟೊಳ್ಳಾಗಿದ್ದರೆ ವಾಪಸ್ ಬನ್ನಿ.

ಇನ್ನು ಬಿಡ್ ವಿಷಯ. ಸುತ್ತಿಗೆ ಬಿದ್ದ ಬೆಲೆ ನೀವು ಕೊಡುವ ಬೆಲೆಯಲ್ಲ. ಉದಾಹರಣೆಗೆ 20 ಲಕ್ಷಕ್ಕೆ ನಿಂತಿತು ಅನ್ನಿ. ಹರಾಜು ಸಂಸ್ಥೆಯ ಪ್ರೀಮಿಯಂ, ಅಂದರೆ ಕೊಂಡವರಿಂದ ಅವರು ತೆಗೆದುಕೊಳ್ಳುವ ಕಮಿಷನ್, 12 ಪರ್ಸೆಂಟ್ ಆದರೆ 2.40 ಲಕ್ಷ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಅಂದರೆ 43,200. ಅಲ್ಲಿಗೇ 22,83,200 ಆಯಿತು. ಟ್ರೇಲರ್ ಬಾಡಿಗೆ, ಬೇರೆ ರಾಜ್ಯದ ಕಾರಾದರೆ ಎನ್‌ಒಸಿ, ಕರ್ನಾಟಕದ ರಸ್ತೆ ತೆರಿಗೆ ಇನ್ನೂ ಬಾಕಿ. ಕೈಯಲ್ಲಿರುವ ದುಡ್ಡಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಕೊನೆಯ ಅಂಕಿಯನ್ನು ಚೀಟಿಯಲ್ಲಿ ಬರೆದಿಡಿ. ಚೀಟಿಯನ್ನು ಮನೆಯವರ ಕೈಗೆ ಕೊಡಿ. ಫೋನು ನಿಮ್ಮ ಕೈಯಲ್ಲಿ, ಅಂಕಿ ಅವರ ಕೈಯಲ್ಲಿ.

ಪ್ರಶ್ನೆ: ನನ್ನ ಹತ್ತಿರ ಸ್ಯಾನ್ ಸ್ಟಾರ್ಮ್ ಕಾರು ಇದೆ. ಇದೂ ಕ್ಲಾಸಿಕ್ ಆಗುತ್ತದಾ?
(ಓದುಗರು, ರಾಜಾಜಿನಗರ)

ಉತ್ತರ: ಕಾನೂನಿನ ಪ್ರಕಾರ ವಿಂಟೇಜ್ ಆಗಲು ನೀವು ಇನ್ನೂ ಎರಡು ದಶಕ ಕಾಯಬೇಕು. ಆದರೆ ಗೋವಾದಲ್ಲಿ ತಯಾರಾದ, ತಲೆ ಮೇಲೆ ಬಟ್ಟೆ ಟಾಪಿನ, ಎರಡೇ ಸೀಟಿನ ಇಂಡಿಯನ್ ಕಾರು ಇನ್ನೆಷ್ಟಿವೆ ಹೇಳಿ? ಫೈಬರ್ ಬಾಡಿ, ತುಕ್ಕಿನ ಕಾಟ ಚಾಸಿಗೆ ಮಾತ್ರ. ಎಂಜಿನ್ ರೆನೋದವರ 1.2 ಲೀಟರ್. ಟೈಲ್ ಲ್ಯಾಂಪ್, ಗಾಜು, ಟಾಪ್ ಎಲ್ಲಿ ಕಂಡರೂ ಕೊಂಡಿಟ್ಟುಕೊಳ್ಳಿ. ಮಾರುವ ಮನಸ್ಸಾದರೆ ನನಗೂ ಒಂದು ಮಾತು ಹೇಳಿ.