ಎನ್‌ಎಫ್‌ಟಿ, ಬ್ಲಾಕ್‌ಚೈನ್ ನಂಬಿಕೊಂಡು ಡಿಜಿಟಲ್ ಕಲಾವಿದರು ಯಾರ ಹಂಗೂ ಇಲ್ಲದೆ ಬದುಕಬಹುದಾ?

ನೀವು ಐಪ್ಯಾಡ್‌ನಲ್ಲಿ ಚಿತ್ರ ಬಿಡಿಸುತ್ತೀರಿ, ಏಜೆನ್ಸಿ ಕೆಲಸ ಸಾಕಾಗಿದೆ, ಎನ್‌ಎಫ್‌ಟಿ (ಡಿಜಿಟಲ್ ಕೃತಿಯ ಒಡೆತನ ತೋರಿಸುವ ಟೋಕನ್) ಮಾಡಿದರೆ ನಮ್ಮ ಕಾಲ ಮೇಲೆ ನಾವು ನಿಲ್ಲಬಹುದಾ ಇಲ್ಲಾ ಆ ಕಾಲ ಮುಗಿಯಿತಾ ಅಂತ ಕೇಳಿದ್ದೀರಿ. ನಾನು ಮೋಷನ್ ಗ್ರಾಫಿಕ್ಸ್ ಮಾಡುತ್ತೇನೆ. 2021ರಿಂದ ಟೆಜೋಸ್ ಎಂಬ ಬ್ಲಾಕ್‌ಚೈನ್‌ನಲ್ಲಿ (ಒಬ್ಬರ ಹಿಡಿತದಲ್ಲಿರದೆ ಹಲವು ಕಂಪ್ಯೂಟರ್‌ಗಳಲ್ಲಿ ಇರುವ ಲೆಕ್ಕದ ಪುಸ್ತಕ) ನನ್ನ ಪುಟ್ಟ ಅನಿಮೇಷನ್‌ಗಳನ್ನು ಮಾರುತ್ತಿದ್ದೇನೆ. ಅದೊಂದರಿಂದಲೇ ಮನೆ ನಡೆಯುವುದಿಲ್ಲ. ನನ್ನ ಮನೆ ಬಾಡಿಗೆ ಇವತ್ತಿಗೂ ಕ್ಲೈಂಟ್ ಕೆಲಸದಿಂದಲೇ ಹೋಗುತ್ತದೆ. ಹಾಗಂತ ಸ್ವಾತಂತ್ರ್ಯದ ಮಾತು ಪೂರ್ತಿ ಬುರುಡೆಯೂ ಅಲ್ಲ.

ಬಹಳ ಜನ ಬೀಪಲ್ ಎಂಬ ಡಿಜಿಟಲ್ ಕಲಾವಿದರ ಹೆಸರಿನಿಂದ ಶುರು ಮಾಡುತ್ತಾರೆ. 2021ರ ಮಾರ್ಚ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಅವರ ಒಂದು ಕೃತಿ 6.9 ಕೋಟಿ ಡಾಲರ್‌ಗೆ ಹೋಯಿತಲ್ಲ, ಅದು. ಅದನ್ನು ಪಕ್ಕಕ್ಕಿಡಿ. ಮಧ್ಯವರ್ತಿ ಬೇಡ ಅನ್ನುವ ಮಾತಿಗೆ ಹರಾಜು ಕಂಪನಿಯನ್ನೇ ಉದಾಹರಣೆ ಕೊಡುವುದು ತಮಾಷೆ, ಅಲ್ವಾ? ನಮ್ಮಂಥವರಿಗೆ ಲೆಕ್ಕಕ್ಕೆ ಬರುವುದು ಅದೇ ತಿಂಗಳು ಶುರುವಾದ ಹಿಕ್ ಎಟ್ ನಂಕ್. ಬ್ರೆಜಿಲ್‌ನ ರಫಾಯೆಲ್ ಲಿಮಾ ಎಂಬ ಡೆವಲಪರ್ ಟೆಜೋಸ್ ಮೇಲೆ ಕಟ್ಟಿದ, ಎನ್‌ಎಫ್‌ಟಿ ಮಾರುವ ಸೈಟ್.

ಆಗ ಇಥೀರಿಯಂ ಎಂಬ ಇನ್ನೊಂದು ಬ್ಲಾಕ್‌ಚೈನ್‌ನಲ್ಲಿ ಒಂದು ಚಿತ್ರ ಮಿಂಟ್ ಮಾಡಲು, ಅಂದರೆ ಟೋಕನ್ ಆಗಿಸಲು, ಗ್ಯಾಸ್ ಫೀ (ವಹಿವಾಟು ದಾಖಲಿಸುವ ಶುಲ್ಕ) ಅಂತಲೇ ಹತ್ತಾರು ಡಾಲರ್ ಸುರಿಯಬೇಕಿತ್ತು. ಟೆಜೋಸ್‌ನಲ್ಲಿ ಅದೇ ಕೆಲಸ ಚಿಲ್ಲರೆ ಕಾಸಿಗೆ ಆಗುತ್ತಿತ್ತು. ಪೋರ್ಟ್‌ಫೋಲಿಯೋ ಕಳಿಸಿ ಯಾರದೋ ಒಪ್ಪಿಗೆಗೆ ಕಾಯುವುದೂ ಇರಲಿಲ್ಲ. ಫೈಲ್ ಹಾಕಬೇಕು, ಹೆಸರು ಕೊಡಬೇಕು, ಎಷ್ಟು ಪ್ರತಿ, ಮುಂದೆ ಯಾರಾದರೂ ಮರುಮಾರಾಟ ಮಾಡಿದರೆ ನನಗೆ ಶೇಕಡಾ ಎಷ್ಟು ಅಂತ ತುಂಬಬೇಕು, ವಾಲೆಟ್‌ನಲ್ಲಿ (ಕ್ರಿಪ್ಟೊ ಹಣ ಇಡುವ ಆ್ಯಪ್) ಕನ್ಫರ್ಮ್ ಒತ್ತಬೇಕು. ಅಷ್ಟೇ. ಮಳೆಯಲ್ಲಿ ನಿಂತ ಬಸ್ಸಿನ ಒಂದು ಲೂಪ್ ಹಾಕಿದ್ದೆ, ವೈಪರ್ ಮಾತ್ರ ಆಡುವಂಥದ್ದು. ಕೊಂಡವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಟಿಜೆಡ್1 ಅಂತ ಶುರುವಾಗುವ ಉದ್ದನೆಯ ವಿಳಾಸ, ಅಷ್ಟೇ ಕಾಣುವುದು. ಅವರು ಕೊಂಡ ನಿಮಿಷದಲ್ಲೇ ದುಡ್ಡು ನನ್ನ ವಾಲೆಟ್‌ಗೆ ಬಂದಿತ್ತು. ಅದೇ ಹೊತ್ತಿನಲ್ಲಿ ಒಂದು ಏಜೆನ್ಸಿ ನನ್ನ ಹಳೇ ಬಿಲ್ಲಿಗೆ 'ಅಕೌಂಟ್ಸ್‌ನವರ ಹತ್ರ ಇದೆ' ಅಂತ ರಾಗ ಎಳೆಯುತ್ತಿತ್ತು. ಫ್ರೀಲಾನ್ಸ್ ಮಾಡಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

2021ರ ನವೆಂಬರ್ 11ರಂದು ಲಿಮಾ ಇದ್ದಕ್ಕಿದ್ದಂತೆ ಸೈಟ್ ಮುಚ್ಚಿಬಿಟ್ಟರು. ಟ್ವಿಟರ್ ಖಾತೆಯಲ್ಲಿ ನಿಲ್ಲಿಸಲಾಗಿದೆ ಅನ್ನುವ ಒಂದು ಮಾತು, ಪಕ್ಕದಲ್ಲಿ ಸ್ಮಾರ್ಟ್ ಕಾಂಟ್ರಾಕ್ಟ್‌ನ (ಮಾರಾಟ ನಡೆಸುವ, ಬ್ಲಾಕ್‌ಚೈನ್ ಮೇಲೆ ತಾನೇ ಓಡುವ ಪ್ರೋಗ್ರಾಂ) ವಿಳಾಸ. ಬೇರೆ ಯಾವುದೇ ಆನ್‌ಲೈನ್ ಅಂಗಡಿ ಹೀಗೆ ಬಾಗಿಲು ಹಾಕಿದ್ದರೆ ನಮ್ಮ ಚಿತ್ರ, ಮಾರಾಟದ ದಾಖಲೆ, ಕೊಂಡವರ ಪಟ್ಟಿ ಎಲ್ಲಾ ಅದರ ಜೊತೆಗೇ ಹೋಗುತ್ತಿತ್ತು. ಇಲ್ಲಿ ಹೋದದ್ದು ಸೈಟ್ ಮಾತ್ರ. ಸ್ಮಾರ್ಟ್ ಕಾಂಟ್ರಾಕ್ಟ್ ಟೆಜೋಸ್ ಮೇಲೆ ಓಡುತ್ತಲೇ ಇತ್ತು. ಸೈಟಿನ ಕೋಡ್ ಎಲ್ಲರಿಗೂ ಸಿಗುವಂತಿತ್ತು, ಹಾಗಾಗಿ ಬಳಕೆದಾರರೇ ಬೇಗ ಬೇರೆ ವಿಳಾಸಗಳಲ್ಲಿ ಅದನ್ನು ಮತ್ತೆ ಎಬ್ಬಿಸಿದರು. ಆ ಸಮುದಾಯವೇ ಮುಂದೆ ಟೇಯಾ ಅಂತ ಆಯಿತು. ನನ್ನ ಬಸ್ಸು ಅಲ್ಲೂ ಕಾಣಿಸಿತು, ಒಬ್ಜೆಕ್ಟ್ ಡಾಟ್ ಕಾಮ್ ಎಂಬ ಇನ್ನೊಂದು ಸೈಟ್‌ನಲ್ಲೂ ಕಾಣಿಸಿತು. ನಾನು ಏನನ್ನೂ ಹೊಸದಾಗಿ ಅಪ್‌ಲೋಡ್ ಮಾಡಲಿಲ್ಲ. ವಿಕೇಂದ್ರೀಕರಣ ಅನ್ನುವುದರಲ್ಲಿ ನಾನು ನಂಬುವ ಭಾಗ ಇದು.

ಈಗ ರಾಯಲ್ಟಿ ವಿಷಯ. 'ಚಿತ್ರ ಕೈ ಬದಲಾದಾಗಲೆಲ್ಲ ಶೇಕಡಾ 10 ನಿಮಗೇ ಬರುತ್ತೆ, ಸದಾಕಾಲ' ಅಂತ ಎಲ್ಲರೂ ಹೇಳುತ್ತಿದ್ದರು. 2022ರ ಅಕ್ಟೋಬರ್‌ನಲ್ಲಿ ಬ್ಲರ್ ಬಂತು. ಅದು ಎನ್‌ಎಫ್‌ಟಿ ಟ್ರೇಡರ್‌ಗಳ ಮಾರುಕಟ್ಟೆ. ಟ್ರೇಡರ್‌ಗೆ ರಾಯಲ್ಟಿ ಅಂದರೆ ಸುಮ್ನೆ ಖರ್ಚು. ಪೈಪೋಟಿ ಜೋರಾಯಿತು, 2023ರ ಆಗಸ್ಟ್‌ನಲ್ಲಿ ಓಪನ್‌ಸೀ ಎಂಬ ದೊಡ್ಡ ಎನ್‌ಎಫ್‌ಟಿ ಮಾರುಕಟ್ಟೆ ಕೂಡ ರಾಯಲ್ಟಿಯನ್ನು ಮಾರುವವರ ಇಷ್ಟಕ್ಕೆ ಬಿಡುವುದಾಗಿ ಹೇಳಿತು. ಕಲಾವಿದರು ಕೂಗಾಡಿದರು. ಆದರೆ ತಾಂತ್ರಿಕವಾಗಿ ಓಪನ್‌ಸೀಯವರು ಏನನ್ನೂ ಮುರಿದಿರಲಿಲ್ಲ. ಇಥೀರಿಯಂನಲ್ಲಿ ಇದಕ್ಕಾಗಿಯೇ ಇರುವ ಇಆರ್‌ಸಿ-2981 ಎಂಬ ನಿಯಮ ರಾಯಲ್ಟಿ ಎಷ್ಟು, ಯಾರಿಗೆ ಅಂತ ತಿಳಿಸುತ್ತದೆ, ವಸೂಲಿ ಮಾಡುವುದಿಲ್ಲ. ಕೊಡುವುದು ಬಿಡುವುದು ಮಾರುಕಟ್ಟೆಗೆ ಬಿಟ್ಟದ್ದು.

ಆದ್ದರಿಂದ ಯಾರು ಏನೇ ಭರವಸೆ ಕೊಟ್ಟರೂ ನಾನು ಕೇಳುವುದು ಒಂದೇ: ಇದು ಕಾಂಟ್ರಾಕ್ಟ್‌ನಲ್ಲಿ ಇದೆಯಾ, ವೆಬ್‌ಸೈಟಿನ ಪಾಲಿಸಿಯಲ್ಲಿ ಇದೆಯಾ? ಪಾಲಿಸಿಯಲ್ಲಿ ಇರುವುದು ಯಾವಾಗ ಬೇಕಾದರೂ ಬದಲಾಗುತ್ತದೆ. (ಅಂದಹಾಗೆ, ಮರುಮಾರಾಟದ ಪಾಲು ಬ್ಲಾಕ್‌ಚೈನ್‌ನವರು ಕಂಡುಹಿಡಿದದ್ದೇನಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 53ಎ ಕಲಮಿನಲ್ಲೇ ಇದೆ, 10,000 ರೂಪಾಯಿ ಮೀರಿದ ಮರುಮಾರಾಟಕ್ಕೆ. ಅದೂ ಮೂಲ ವರ್ಣಚಿತ್ರ, ಶಿಲ್ಪ, ರೇಖಾಚಿತ್ರ, ಹಸ್ತಪ್ರತಿಗಳ ಮಾತು.)

ಇದೇ ಪ್ರಶ್ನೆಯನ್ನು ಫೈಲಿಗೂ ಕೇಳಿ. ಟೋಕನ್‌ನೊಳಗೆ ಸಾಮಾನ್ಯವಾಗಿ ಚಿತ್ರ ಇರುವುದಿಲ್ಲ, ಚಿತ್ರ ಎಲ್ಲಿದೆ ಅನ್ನುವ ವಿಳಾಸ ಇರುತ್ತದೆ. ಪಹಣಿಯಲ್ಲಿ ಜಮೀನು ಇರುತ್ತಾ? ಹಾಗೇ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ಕಂಪನಿ ದಿವಾಳಿಯಾದ ಮೇಲೆ, ಅವರ ಸರ್ವರ್‌ನಲ್ಲಿದ್ದ ಎನ್‌ಎಫ್‌ಟಿಗಳ ಚಿತ್ರಗಳೇ ಕಾಣದಾದವು. ಟೋಕನ್ ಇತ್ತು, ನೋಡಲು ಏನೂ ಇರಲಿಲ್ಲ. ಐಪಿಎಫ್‌ಎಸ್‌ನಲ್ಲಿ (ಹಲವರ ಕಂಪ್ಯೂಟರ್‌ಗಳಲ್ಲಿ ಫೈಲ್ ಇಡುವ ಜಾಲ) ಹಾಕಿದರೆ ಒಂದೇ ಕಂಪನಿಯ ಸರ್ವರ್ ನಂಬುವುದು ತಪ್ಪುತ್ತದೆ, ಆದರೆ ಅಲ್ಲೂ ಯಾರಾದರೂ ಫೈಲನ್ನು ಪಿನ್ ಮಾಡಿ, ಅಂದರೆ ಅಳಿಸಿಹೋಗದಂತೆ, ಇಟ್ಟುಕೊಂಡಿರಬೇಕು. ನನ್ನವನ್ನು ನಾನೇ ಪಿನ್ ಮಾಡಿಟ್ಟಿದ್ದೇನೆ. ಮೂಲ ಫೈಲುಗಳು ಹಾರ್ಡ್ ಡಿಸ್ಕಿನಲ್ಲೂ ಇವೆ.

ಕಳ್ಳತನದ ಬಗ್ಗೆಯೂ ಕೇಳಿದ್ದೀರಿ. ಬ್ಲಾಕ್‌ಚೈನ್ ಅದನ್ನು ತಡೆಯುವುದಿಲ್ಲ. ಮೊದಲು ಮಿಂಟ್ ಮಾಡಿದವರು ಯಾರು ಅಂತ ಹೇಳುತ್ತದೆ, ಚಿತ್ರ ಬಿಡಿಸಿದವರು ಯಾರು ಅಂತ ಅಲ್ಲ. ತನ್ನ ಉಚಿತ ಮಿಂಟ್ ಸೌಲಭ್ಯದಲ್ಲಿ ತಯಾರಾದವುಗಳಲ್ಲಿ ಶೇಕಡಾ 80ಕ್ಕೂ ಜಾಸ್ತಿ ಕದ್ದವು, ನಕಲಿ ಇಲ್ಲವೇ ಸ್ಪ್ಯಾಮ್ ಅಂತ ಓಪನ್‌ಸೀಯೇ 2022ರ ಜನವರಿಯಲ್ಲಿ ಒಪ್ಪಿಕೊಂಡಿತ್ತು.

ಇನ್ನು ತೆರಿಗೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ, ಎನ್‌ಎಫ್‌ಟಿ ಮಾರಿದ ಲಾಭಕ್ಕೆ ಶೇಕಡಾ 30 ತೆರಿಗೆ, ಜುಲೈನಿಂದ ಶೇಕಡಾ 1 ಟಿಡಿಎಸ್. ಕೊಂಡ ಬೆಲೆ ಬಿಟ್ಟರೆ ಬೇರೆ ಖರ್ಚು ಕಳೆಯುವ ಹಾಗಿಲ್ಲ, ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವ ಹಾಗೂ ಇಲ್ಲ. ನೀವೇ ಬಿಡಿಸಿದ ಚಿತ್ರಕ್ಕೆ ಕೊಂಡ ಬೆಲೆ ಎಲ್ಲಿಂದ ಬರಬೇಕು? ಕೈಗೆ ಬಂದ ಟೆಜ್ (ಟೆಜೋಸ್‌ನ ಕ್ರಿಪ್ಟೊ ಹಣ) ರೂಪಾಯಿ ಆಗುವಷ್ಟರಲ್ಲಿ ಎಷ್ಟು ಉಳಿಯುತ್ತದೆ ಅಂತ ಮಾರುವ ಮೊದಲೇ ಒಬ್ಬ ಸಿಎ ಹತ್ತಿರ ಕೂತು ಲೆಕ್ಕ ಹಾಕಿ.

ಶುರು ಮಾಡುವುದಾದರೆ ಕಡಿಮೆ ಫೀ ಇರುವ ಕಡೆ, ಕಡಿಮೆ ಪ್ರತಿ, ಕಡಿಮೆ ಬೆಲೆಯಿಂದ ಮಾಡಿ. ವಾಲೆಟ್ ಮತ್ತೆ ತೆರೆಯಲು ಬೇಕಾಗುವ 12 ಅಥವಾ 24 ಪದಗಳನ್ನು ಕಾಗದದಲ್ಲಿ ಬರೆದಿಡಿ, ಫೋನಿನಲ್ಲಿ ಸ್ಕ್ರೀನ್‌ಶಾಟ್ ಬೇಡ. ಕಳೆದರೆ ತಿರುಗಿ ಕೊಡಲು ಕಸ್ಟಮರ್ ಕೇರ್ ಇಲ್ಲ. ಚಿತ್ರ ಹಾಕಿದ ಒಂದೆರಡು ದಿನದಲ್ಲೇ ಇನ್‌ಸ್ಟಾಗ್ರಾಂನಲ್ಲಿ ಯಾರಾದರೂ ಬಂದು ದೊಡ್ಡ ಬೆಲೆ ಹೇಳಿ, ತಾವು ತೋರಿಸುವ ಸೈಟ್‌ನಲ್ಲೇ ಮಿಂಟ್ ಮಾಡಿ, ಮೊದಲು ಗ್ಯಾಸ್ ಫೀ ಕಟ್ಟಿ ಅನ್ನುತ್ತಾರೆ. ಉತ್ತರ ಕೊಡಲೂ ಹೋಗಬೇಡಿ, ಬ್ಲಾಕ್ ಮಾಡಿ.